ಹಿತ್ತಲಿನ ಪರದೇಶಿ ಕಳೆಗಳೂ ಗ್ರಾಮದ ಹಿರಿಯರ ಹೊಣೆಯೂ

ಹಿತ್ತಲಿನ ಕಳೆಯನ್ನು ಕೀಳುವುದು ಆಯಾ ಮನೆಯವರ ಸ್ವಂತ ಕೆಲಸವೆಂದೂ, ಅದರಲ್ಲಿ ಊರಿನ ಹಿರಿಯರು ಕೈಹಾಕಲು ಕಾರಣವಿಲ್ಲವೆಂದೂ ಸಾಮಾನ್ಯವಾದ ಭಾವನೆಯುಂಟು. ಗರಿಕೆ, ಜೇಕು ಮುಂತಾದ ಹಳೆಯ ಕಳೆಗಳ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ ಸರಿ. ಆದರೆ ಅಮೆರಿಕಾ ಖಂಡದಿಂದ ಬಂದು ಈ ಸೀಮೆಯಲ್ಲಿ ಬೇರೂರಿದ ಕಳೆಗಳ ವಿಷಯದಲ್ಲಿ ಇದು ಸಲ್ಲದು. ಅವುಗಳ ಬೀಜವು ಯಾರ ಬೇಲಿಯನ್ನೂ ಲೆಕ್ಕಿಸುವುದಿಲ್ಲ.

ಅಂಬಿಕಾನಗರ, ದಾಂಡೇಲಿ, ಜೋಯಿಡಾ ಕಡೆಗಳಲ್ಲಿ ಎಷ್ಟೋ ಮನೆಗಳ ಹಿತ್ತಲಿಗೂ ಕಾಡಿಗೂ ನಡುವೆ ಇರುವುದು ಒಂದು ಬೇಲಿ ಮಾತ್ರ. ಹಿತ್ತಲಿನಲ್ಲಿ ಬಲಿತ ಬೀಜವು ಕಾಡಿನ ಅಂಚನ್ನು ಸೇರಿ ಮೇವಿನ ಹುಲ್ಲನ್ನು ಅಡಗಿಸುವುದು. ಅಲ್ಲಿ ಬಲಿತದ್ದು ಮರಳಿ ಹಿತ್ತಲಿಗೆ ಬಂದು ಗೆಡ್ಡೆಗೆಣಸು, ತರಕಾರಿಗಳ ಸಾರವನ್ನು ಹೀರುವುದು. ಆದಕಾರಣ ಮುಖ್ಯವಾದ ಮೂರು ಕಳೆಗಳ ಗುರುತು ಎಲ್ಲರಿಗೂ ಇರುವುದು ಅವಶ್ಯ.

ಮೊದಲನೆಯದು ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಹುಲ್ಲು. ಗಜ್ಜರಿಯ ಎಲೆಯಂತೆ ಸೀಳಿದ ಎಲೆ, ಚಿಕ್ಕ ಬಿಳಿಯ ಹೂ. 1950ರ ದಶಕದ ನಡುವೆ ಪುಣೆಯಲ್ಲಿ ಇದು ಗಮನಕ್ಕೆ ಬಂದಿತು. ಮೊಳೆತ ಸುಮಾರು ಒಂದು ತಿಂಗಳಲ್ಲೇ ಹೂವಿಡುವುದು. ಒಂದೊಂದು ಗಿಡವು 15,000ಕ್ಕೂ ಮಿಕ್ಕಿ ಬೀಜ ಬಿಡಬಲ್ಲದು. ಮೈಗೆ ತುರಿಕೆ, ಕೆಲವರಿಗೆ ಉಬ್ಬಸ ತರುವುದರಿಂದ ಕೈಚೀಲ ಧರಿಸಿಯೇ ಕೀಳತಕ್ಕದ್ದು.

ಎರಡನೆಯದು ಕಮ್ಯುನಿಸ್ಟ್ ಗಿಡ. ಎದುರುಬದುರಾದ ತ್ರಿಕೋನದ ಎಲೆ, ಅದರಲ್ಲಿ ಸ್ಪಷ್ಟವಾದ ಮೂರು ನರ, ಹಿಸುಕಿದರೆ ಘಾಟು ವಾಸನೆ. ಚಳಿಗಾಲದಲ್ಲಿ ಹೂವಾಗಿ ಬೀಜವು ಗಾಳಿಯಲ್ಲಿ ಹಾರುವುದು; ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಆಹಾರವಾಗುವುದು. ಬರಿದೆ ಸವರಿದರೆ ಮತ್ತೆ ಚಿಗುರುವುದರಿಂದ ಬೇರುಸಹಿತ ಅಗೆಯಬೇಕು. ಹೂವಿಗೆ ಮೊದಲೇ ಕಿತ್ತ ಸೊಪ್ಪು ಗೊಬ್ಬರದ ಗುಂಡಿಗೆ ಸಲ್ಲುವುದು.

ಮೂರನೆಯದು ಲಂಟಾನ. ಚೌಕಾಕಾರದ ಮುಳ್ಳುಕಾಂಡ, ಒರಟು ಎಲೆ, ಬಗೆಬಣ್ಣದ ಹೂಗೊಂಚಲು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಈ ಗಿಡವನ್ನು ಹಕ್ಕಿಗಳು ಎಲ್ಲೆಡೆಗೆ ಹರಡಿದುವು. ತಿಂದ ದನಗಳ ಪಿತ್ತಕೋಶ ಕೆಡುವುದು. ನೆಲಮಟ್ಟದ ಕೆಳಗೆ ಬೇರನ್ನು ಕಡಿದು, ಬುಡವನ್ನು ತಲೆಕೆಳಗಾಗಿ ಇಟ್ಟರೆ ಮತ್ತೆ ಚಿಗುರದು. ಇಂದು ಅಂದಕ್ಕಾಗಿ ನೆಡುವ ಹಳದಿ ಹೂವಿನ ವೆಡೇಲಿಯಾ ಬಳ್ಳಿಯೂ ತುಂಡುತುಂಡಾಗಿ ಬೇರುಬಿಟ್ಟು ಹಬ್ಬುವಂಥದು. ಹಳೆಯ ತಪ್ಪನ್ನು ಮತ್ತೊಮ್ಮೆ ಮಾಡುವುದು ಜಾಣತನವಲ್ಲ.

ಕೂಲಿ ದುಬಾರಿಯಾದ ಕಾಲದಲ್ಲಿ ಔಷಧ ಸಿಂಪಡಿಸುವುದೇ ಸುಲಭವಲ್ಲವೇ ಎಂದು ಕೆಲವರು ಕೇಳುವರು. ಹೊಲದ ಮಾತು ಬೇರೆ. ಬಾವಿಯೂ, ಕೊಟ್ಟಿಗೆಯೂ, ಮಕ್ಕಳು ಆಡುವ ಜಾಗವೂ ಕೂಡಿರುವ ಹಿತ್ತಲಿಗೆ ಕಳೆನಾಶಕವು ಯೋಗ್ಯವಲ್ಲ. ಮಳೆಯಿಂದ ನೆಲ ಮೆತ್ತಗಾದಾಗ ಮನೆಯವರೇ ಸೇರಿ ಒಂದು ದಿನ ದುಡಿದರೆ ಹೆಚ್ಚಿನ ಕೆಲಸ ಮುಗಿಯುವುದು. ಬಳಿಕ ತಿಂಗಳಿಗೊಮ್ಮೆ ಕಣ್ಣಾಡಿಸಿದರೆ ಸಾಕು.

ಕರ್ನಾಟಕ ಸರಕಾರವು 1975ರಲ್ಲಿಯೇ ಪಾರ್ಥೇನಿಯಮನ್ನು ಕಾನೂನಿನ ಮೇರೆಗೆ ಹಾನಿಕರ ಕಳೆಯೆಂದು ಸಾರಿತು. ಮೆಕ್ಸಿಕೋ ದೇಶದಿಂದ ತರಿಸಿದ, ಅದರ ಎಲೆ ತಿನ್ನುವ ದುಂಬಿಯನ್ನು 1984ರಲ್ಲಿ ಬೆಂಗಳೂರಿನ ಸುತ್ತ ಬಿಡಲಾಯಿತು. ಆದರೂ ಕಳೆ ಉಳಿದಿದೆ. ಆಜ್ಞೆಯೂ ದುಂಬಿಯೂ ನೆರವಾಗಬಲ್ಲವೇ ಹೊರತು ಮನುಷ್ಯನ ಕೈಕೆಲಸಕ್ಕೆ ಬದಲಾಗಲಾರವು.

ಇಲ್ಲಿ ನ್ಯಾಯದ ಮಾತೊಂದುಂಟು. ನಾಲ್ಕು ಗುಂಟೆಯ ಬಡವನು ತನ್ನ ಹಿತ್ತಲನ್ನು ಎಷ್ಟು ಹಸನುಮಾಡಿದರೂ, ಪಕ್ಕದ ದೊಡ್ಡ ಜಮೀನುದಾರನ ಬೀಳುಭೂಮಿಯು ವರ್ಷವರ್ಷವೂ ಬೀಜ ಸುರಿಯುತ್ತಿದ್ದರೆ ಅವನ ಶ್ರಮವೆಲ್ಲ ನೀರಿನಲ್ಲಿ ಹೋಮಮಾಡಿದಂತೆ. ಹೆಚ್ಚು ಭೂಮಿಯುಳ್ಳವರಿಗೆ ಹೆಚ್ಚಿನ ಹೊಣೆ. ಅವರು ತಮ್ಮ ಬೀಳನ್ನು ಮೊದಲು ಶುಚಿಗೊಳಿಸಲಿ. ಊರಿನ ಹಿರಿಯರು ಮಳೆಗಾಲದಲ್ಲಿ ದಿನವೊಂದನ್ನು ಗೊತ್ತುಮಾಡಿ ರಸ್ತೆಬದಿ, ಶಾಲೆಯ ಅಂಗಳ, ಸ್ಮಶಾನಗಳ ಕಳೆಯನ್ನು ಹೂವಾಗುವ ಮುನ್ನ ಕೀಳಿಸಲಿ. ಹಿರಿಯರು ಮುಂದಾದ ಕೆಲಸಕ್ಕೆ ಊರು ಹಿಂದೆಗೆಯದು.