ಪ್ರಾರ್ಥನೆಯೂ ವಿಧೇಯತೆಯೂ

ನಮ್ಮ ಕನ್ನಡದಲ್ಲಿ ‘ಕೇಳು’ ಎಂಬ ಕ್ರಿಯಾಪದವು ಮೂರು ಕೆಲಸಗಳನ್ನು ಮಾಡುತ್ತದೆ. ಮಗುವು ತಾಯಿಯ ಹತ್ತಿರ ಬೆಲ್ಲ ಕೇಳುತ್ತದೆ, ಅಜ್ಜಿಯಿಂದ ಕಥೆ ಕೇಳುತ್ತದೆ, ತಂದೆಯ ಮಾತು ಕೇಳುತ್ತದೆ. ಬೇಡುವದು, ಕಿವಿಗೊಡುವದು, ವಿಧೇಯವಾಗುವದು ಈ ಮೂರಕ್ಕೂ ನಮ್ಮ ಪೂರ್ವಿಕರಿಗೆ ಒಂದೇ ಶಬ್ದ ಸಾಕಾಯಿತು. ಆದರೆ ನಮ್ಮಲ್ಲಿ ಬಹುಮಂದಿಯ ಪ್ರಾರ್ಥನೆಯು ಮೊದಲನೆಯ ಕೇಳುವಿಕೆಯಲ್ಲಿಯೇ ಮುಗಿದುಹೋಗುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆ, ರೋಗಿಗೆ ಗುಣ, ಮಗಳಿಗೆ ತಕ್ಕ ವರ ಎಂದು ಬೇಡಿ, ಆಮೆನ್ ಅಂದು ಎದ್ದುಬಿಡುತ್ತೇವೆ. ಬೇಡುವದು ತಪ್ಪಲ್ಲ; ದಿನದ ಆಹಾರವನ್ನು ಬೇಡಲು ಕರ್ತನೇ ಕಲಿಸಿದ್ದಾನೆ. ಆದಾಗ್ಯೂ ಅದೇ ಪ್ರಾರ್ಥನೆಯಲ್ಲಿ ಆಹಾರದ ಮಾತಿಗೆ ಮುಂಚೆ ತಂದೆಯ ಚಿತ್ತದ ಮಾತು ಬರುವದೆಂಬದನ್ನು ನಾವು ಎಷ್ಟು ಸಾರಿ ಗಮನಿಸಿದ್ದೇವೆ?

ಶೀಲೋವಿನ ಆಲಯದಲ್ಲಿ ಮಲಗಿದ್ದ ಬಾಲಕ ಸಮುವೇಲನ ಕಥೆಯು ಭಾನುವಾರದ ಪಾಠಶಾಲೆಗೆ ಹೋದವರೆಲ್ಲರಿಗೂ ಗೊತ್ತು. ಮೂರು ಸಾರಿ ಕರೆಯನ್ನು ಕೇಳಿ ಅವನು ಮುದುಕನಾದ ಏಲಿಯ ಬಳಿಗೆ ಓಡಿದನು. ನಾಲ್ಕನೆಯ ಸಾರಿ, ಏಲಿಯು ಹೇಳಿಕೊಟ್ಟಂತೆ, ದೇವರಿಗೆ ಕಿವಿಗೊಟ್ಟನು. ಸಾಮಾನ್ಯವಾಗಿ ನಾವು ಮಕ್ಕಳಿಗೆ ಇಲ್ಲಿಯ ವರೆಗೆ ಹೇಳಿ ಪುಸ್ತಕವನ್ನು ಮುಚ್ಚುತ್ತೇವೆ. ಕಥೆಯ ಕಠಿಣವಾದ ಭಾಗವು ಇನ್ನು ಮುಂದೆಯೇ ಇದೆ. ಅವನಿಗೆ ಬಂದ ಮಾತು ಏಲಿಯ ಮನೆತನದ ಮೇಲಣ ನ್ಯಾಯತೀರ್ಪು. ಮಕ್ಕಳು ಕೆಟ್ಟರು, ತಂದೆಯು ಅವರನ್ನು ತಡೆಯಲಿಲ್ಲ. ತನ್ನನ್ನು ಸಾಕಿ ಕಲಿಸಿದ ಹಿರಿಯನಿಗೆ ಇದನ್ನು ತಿಳಿಸಲು ಹುಡುಗನು ಅಂಜಿದನು. ಬೆಳಗಿನ ವರೆಗೆ ಮಲಗಿದ್ದು, ಎದ್ದು, ಎಂದಿನಂತೆ ಆಲಯದ ಬಾಗಿಲುಗಳನ್ನು ತೆರೆದನು. ಏಲಿಯು ಕರೆದು ವಿಚಾರಿಸಿದಾಗ ಒಂದನ್ನೂ ಮರೆಮಾಡದೆ ಹೇಳಿಬಿಟ್ಟನು.

ನಾವು ಸಾಧಾರಣವಾಗಿ ಮೆಚ್ಚುವ ‘ವಿಧೇಯ ಬಾಲಕ’ನಾಗಿದ್ದರೆ ಅವನು ಆ ಬೆಳಿಗ್ಗೆ ಸುಮ್ಮನಿರುತ್ತಿದ್ದನು. ಇದನ್ನು ತಾಯ್ತಂದೆಗಳು ಸ್ವಲ್ಪ ಯೋಚಿಸಬೇಕೆಂದು ನಮ್ಮ ಬಿನ್ನಹ. ಹೆಣ್ಣುಮಕ್ಕಳ ಶಾಲೆಗಳಲ್ಲಿ ವಿಧೇಯತೆಯ ಹೊಗಳಿಕೆ ಧಾರಾಳವಾಗಿ ನಡೆದಿದೆ. ಎದುರಾಡದವಳು, ತಲೆತಗ್ಗಿಸಿದವಳು, ಕೊಟ್ಟ ಮನೆಗೆ ಹೊಂದಿಕೊಂಡವಳು ಎಂಬದೇ ಅದರ ಅರ್ಥವಾಗಿಬಿಟ್ಟಿದೆ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಪ್ರಾರ್ಥನೆಯಿಲ್ಲದ ವಿಧೇಯತೆಗೆ ತಾನು ಯಾರಿಗೆ ವಿಧೇಯವೆಂಬದೇ ತಿಳಿಯದು. ಗಟ್ಟಿಯಾಗಿ ಕೂಗಿದವರಿಗೆ ಅದು ಬಾಗುತ್ತದೆ. ನಿಮ್ಮ ಮಗಳು ಪ್ರಾರ್ಥನೆಯಿಂದ ಎದ್ದು ಬಂದು ನಿಮಗೆ ರುಚಿಸದ ಮಾತನ್ನು ಆಡಿದರೆ, ಏಲಿಯು ಸಿಟ್ಟಾಗದೆ ಕೇಳಿದನೆಂಬದನ್ನು ನೆನೆಯಿರಿ. ಮುದುಕನಲ್ಲಿ ಅನೇಕ ಕುಂದುಗಳಿದ್ದರೂ ಇದೊಂದು ದೊಡ್ಡ ಗುಣ.

ವಿಧೇಯತೆಯು ಸುಲಭವಾಗಿ ಬರುವದೆಂದು ಸತ್ಯವೇದವು ಎಲ್ಲಿಯೂ ಹೇಳುವದಿಲ್ಲ. ಗೆತ್ಸೇಮನೆಯ ತೋಟದಲ್ಲಿ ಸ್ವಾಮಿಯೇ ಆ ಪಾತ್ರೆಯು ತಪ್ಪಲೆಂದು ಬೇಡಿ, ಮೂರು ಸಾರಿ ಪ್ರಾರ್ಥಿಸಿದ ಮೇಲೆಯೇ ಎದ್ದು ಹೋದನು.

ಪಂಡಿತಾ ರಮಾಬಾಯಿಯವರನ್ನು ಇಲ್ಲಿ ನೆನೆಯದೆ ಇರಲಾರೆವು. ಈಗಿನ ಕರ್ನಾಟಕಕ್ಕೆ ಸೇರಿದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಅವರು ಹುಟ್ಟಿದರು. ಕ್ಷಾಮದ ದಿನಗಳಲ್ಲಿ, 1874ರಲ್ಲಿ, ತಾಯ್ತಂದೆಗಳನ್ನು ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಅಲ್ಲಿಯ ಕ್ರೈಸ್ತ ಹಿರಿಯರು ಹೇಳಿದ್ದನ್ನೆಲ್ಲಾ ಅವರು ತಲೆಬಾಗಿ ಒಪ್ಪಲಿಲ್ಲ. ಪ್ರಶ್ನೆ ಮಾಡಿದರು, ಪತ್ರಗಳಲ್ಲಿ ವಾದಿಸಿದರು, ಗರ್ವಿಷ್ಠೆಯೆಂಬ ಆಕ್ಷೇಪಣೆಗೂ ಗುರಿಯಾದರು. ಅದೇ ಸ್ತ್ರೀಯು 1896-97ರ ಕ್ಷಾಮದಲ್ಲಿ, ಕೈಯಲ್ಲಿ ಸಾಕಷ್ಟು ಹಣವಿಲ್ಲದಿದ್ದಾಗ್ಯೂ, ಪ್ರಾರ್ಥಿಸಿ ಮಧ್ಯಪ್ರಾಂತಕ್ಕೆ ಹೊರಟು, ಹಸಿದ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಅವರಿಗಾಗಿ ಮುಕ್ತಿ ಸದನವು ಬೆಳೆಯಿತು. ಮನುಷ್ಯರಿಗೆ ಅವಿಧೇಯಳೆನಿಸಿದವರು ದೇವರ ಮಾತಿಗೆ ಹೇಗೆ ಎದ್ದರೆಂಬದನ್ನು ನೋಡಿರಿ. ಓದುಬರಹ ಹೆಚ್ಚಿಲ್ಲದ ಹೆಂಗಸರೂ ತಿಳಿಯುವಂತೆ ಸತ್ಯವೇದವನ್ನು ಸರಳವಾದ ಮರಾಠಿಗೆ ತರಬೇಕೆಂದು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ವರುಷಗಟ್ಟಲೆ ಕುಳಿತು ಬರೆದರು. 1922ರಲ್ಲಿ ಅವರು ತೀರಿಹೋದರು. ಪುಸ್ತಕವು ಪೂರ್ತಿಯಾಗಿ ಅಚ್ಚಾಗಿ ಹೊರಬಂದದ್ದು 1924ರಲ್ಲಿ.