ನೆರೆಮನೆಯ ಕಾಕಾ ಮತ್ತು ಅವನ ಚೂರಿ

ಕೊರಿಯಾದ ಮಕ್ಕಳು ನಡುವಯಸ್ಸಿನ ಗಂಡಸನ್ನು, ಆತ ನೆಂಟನಲ್ಲದಿದ್ದರೂ, ‘ಆಜೋಶಿ’ ಎಂದು ಕರೆಯುತ್ತಾರೆ. ಸೊಲ್ಲಾಪುರದ ಚಾಳಿನಲ್ಲಾಗಲಿ ಅಕ್ಕಲಕೋಟದ ಓಣಿಯಲ್ಲಾಗಲಿ ಕನ್ನಡ ಮನೆಗಳ ಮಕ್ಕಳು ಪಕ್ಕದ ಮನೆಯವನನ್ನು ‘ಕಾಕಾ’ ಎನ್ನುವಂತೆಯೇ ಇದು. ರಕ್ತಸಂಬಂಧವಿಲ್ಲ, ಆದರೂ ಹಾಗೆ ಕರೆಸಿಕೊಂಡವನ ಮೇಲೆ ಒಂದು ಹೊಣೆ ಬೀಳುತ್ತದೆ. ನಿರ್ದೇಶಕ ಲೀ ಜಾಂಗ್-ಬಮ್ ಅವರ 2010ರ ಸೇಡಿನ ಚಿತ್ರಕ್ಕೆ ಮೂಲದಲ್ಲಿರುವ ಹೆಸರು ‘ಆಜೋಶಿ’. ಹೊರದೇಶಗಳಿಗಾಗಿ ಅದನ್ನು ‘ದಿ ಮ್ಯಾನ್ ಫ್ರಮ್ ನೋವೇರ್’ ಎಂದು ಬದಲಿಸಿದಾಗ ಆ ಹೊಣೆಯ ಸುಳಿವೇ ಅಳಿಸಿಹೋಯಿತು. ಆ ವರ್ಷ ಕೊರಿಯಾದಲ್ಲಿ 60 ಲಕ್ಷಕ್ಕೂ ಹೆಚ್ಚು ಟಿಕೆಟುಗಳು ಮಾರಾಟವಾದ ಈ ಚಿತ್ರವನ್ನು ಅಲ್ಲಿ ವಯಸ್ಕರಿಗಷ್ಟೇ ಮೀಸಲಿಡಲಾಗಿತ್ತು. ಮೊಬೈಲಿಗೆ ಅಂಥ ಬಾಗಿಲುಗಾವಲು ಇಲ್ಲ.

ಕಥಾನಾಯಕ ಚಾ ತೇ-ಶಿಕ್ (ವಾನ್ ಬಿನ್) ಗಿರವಿ ಅಂಗಡಿಯ ಸರಳುಗಳ ಹಿಂದೆ ಮಾತಿಲ್ಲದೆ ಬದುಕುವ ಒಂಟಿ ಮನುಷ್ಯ. ನೆರೆಮನೆಯ ಹುಡುಗಿ ಸೋ-ಮಿ ಮಾತ್ರ ಅವನ ಬಳಿ ಬರುತ್ತಾಳೆ. ಅವಳ ತಾಯಿ ಮಾದಕ ವ್ಯಸನಿ. ಒಂದು ದಿನ ಚೀಲ ಕದ್ದಳೆಂಬ ಆರೋಪದಲ್ಲಿ ಸಿಕ್ಕಿಬಿದ್ದ ಹುಡುಗಿ, ಹಾದಿಯಲ್ಲಿ ಬಂದ ತೇ-ಶಿಕ್‌ನನ್ನು ತೋರಿಸಿ ಇವನೇ ತನ್ನ ತಂದೆ ಎನ್ನುತ್ತಾಳೆ. ಆತ ಮುಖ ತಿರುಗಿಸಿ ನಡೆದುಬಿಡುತ್ತಾನೆ. ಆಮೇಲೆ ಓಣಿಯಲ್ಲಿ ಎದುರಾದಾಗ ಅವಳು ಅವನನ್ನು ಬಯ್ಯುವುದಿಲ್ಲ. ನಿನ್ನನ್ನೂ ದ್ವೇಷಿಸಿದರೆ ನನಗೆ ಪ್ರೀತಿಸಲು ಯಾರೂ ಉಳಿಯುವುದಿಲ್ಲ ಎಂಬರ್ಥದ ಮಾತನ್ನಾಡುತ್ತಾಳೆ. ಹತ್ತು ವರ್ಷದ ಆಸುಪಾಸಿನ ಕಿಮ್ ಸೇ-ರಾನ್ ಇದನ್ನು ಅಳುವಿಲ್ಲದೆ ನಟಿಸಿದ್ದಾಳೆ. (ಈ ನಟಿ 2025ರ ಫೆಬ್ರವರಿಯಲ್ಲಿ, 24ನೆಯ ವಯಸ್ಸಿನಲ್ಲಿ, ತೀರಿಕೊಂಡಳು.) ಚಿತ್ರದ ಅತ್ಯುತ್ತಮ ದೃಶ್ಯ ಇದೇ. ಮುಂದೆ ಹರಿಯುವ ರಕ್ತವೆಲ್ಲ ಆ ಒಂದು ಕ್ಷಣ ಮುಖ ತಿರುಗಿಸಿದ್ದಕ್ಕೆ ಕಟ್ಟಿದ ಬಡ್ಡಿ.

ಕಾದಾಟಗಳ ಕಸುಬು ಮೇಲ್ದರ್ಜೆಯದು. ಹಗ್ಗದಲ್ಲಿ ತೂಗಿ ಹಾರಿಸುವ ಚಮತ್ಕಾರ ಇಲ್ಲಿಲ್ಲ. ಕೊನೆಯ ಚೂರಿಕಾಳಗದಲ್ಲಿ ಎದುರಾಳಿಗಳು ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ನಿಂತಿರುತ್ತಾರೆ. ಥಾಯ್ ನಟ ತನಯೋಂಗ್ ವಾಂಗ್‌ತ್ರಕೂಲ್ ವಹಿಸಿದ ಬಾಡಿಗೆ ಹಂತಕನ ಪಾತ್ರಕ್ಕೂ ತೂಕವಿದೆ. ಮಗು ಅವನ ಗಾಯಕ್ಕೆ ಅಂಟಿಸಿದ ಸಣ್ಣದೊಂದು ಪಟ್ಟಿ ಕಥೆಯ ದಿಕ್ಕನ್ನೇ ಬದಲಿಸುತ್ತದೆ.

ದೌರ್ಬಲ್ಯಗಳೂ ಕಡಿಮೆಯಿಲ್ಲ. ತಾಯಿಯ ಹತ್ಯೆಯಾಗುತ್ತದೆ, ಶವ ಕಾರಿನ ಡಿಕ್ಕಿಯಲ್ಲಿ ಸಿಗುತ್ತದೆ. ಅವಳಿಗಾಗಿ ಚಿತ್ರ ಒಂದು ನಿಮಿಷವೂ ನಿಲ್ಲುವುದಿಲ್ಲ. ವ್ಯಸನಿ ಹೆಂಗಸು ಸತ್ತರೆ ಕಥೆ ಮುಂದೆ ಸಾಗಿದರಾಯಿತೆಂಬ ಈ ಧೋರಣೆ ಕ್ರೂರವಾದುದು. ನಾಯಕನ ಗರ್ಭಿಣಿ ಹೆಂಡತಿಯ ಸಾವು ಹಳಸಿದ ಸಂಚು. ಪೊಲೀಸರಂತೂ ಯಾವಾಗಲೂ ಒಂದು ಹೆಜ್ಜೆ ಹಿಂದೆ. ಅವರನ್ನು ಅಷ್ಟು ಅಸಹಾಯಕರನ್ನಾಗಿ ಮಾಡದಿದ್ದರೆ ನಾಯಕನ ಚೂರಿಗೆ ಕೆಲಸವೇ ಇರುತ್ತಿರಲಿಲ್ಲ.

ನ್ಯಾಯದ ಪ್ರಶ್ನೆ ಏಳುವುದು ಇಲ್ಲಿಯೇ. ಇನ್ನೊಬ್ಬರ ಪ್ರಾಣ ಉಳಿಸಲು ಬಲ ಬಳಸುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ ಒಪ್ಪುತ್ತದೆ. ನೆರೆಯ ಮಗುವೂ ಆ ‘ಇನ್ನೊಬ್ಬರು’ ಆಗಬಹುದು. ಆದರೆ ಸರಕಾರಿ ರಕ್ಷಣೆ ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಂತೂ ಎಂದಿಗೂ ಇಲ್ಲ. ತೇ-ಶಿಕ್ ಎರಡೂ ಗೆರೆಗಳನ್ನು ದಾಟುತ್ತಾನೆ. ಚಿತ್ರದ ಖಳರು ಮಾದಕ ವಸ್ತು ಸಾಗಿಸಲು ಮಕ್ಕಳನ್ನು ಬಳಸುತ್ತಾರೆ. ಇಲ್ಲಿ 2015ರ ಬಾಲನ್ಯಾಯ ಕಾಯಿದೆಯ 78ನೆಯ ಕಲಮಿನಡಿ ಅದಕ್ಕೆ 7 ವರ್ಷಗಳವರೆಗೆ ಕಠಿಣ ಸಜೆಯಿದೆ. ಮುಖ್ಯವಾಗಿ, ಚೀಲದ ಆರೋಪದ ಆ ದಿನ ತೇ-ಶಿಕ್‌ನಿಂದ ಬೇಕಿದ್ದುದು ಚೂರಿಯಲ್ಲ. ‘ಈ ಮಗು ನನಗೆ ಗೊತ್ತು’ ಎಂಬ ಒಂದು ಮಾತು. ವಿಶೇಷ ದಳದಲ್ಲಿ ಪಳಗಿದವನಿಗೆ ಅದು ಸಾಧ್ಯವಾಗಲಿಲ್ಲ. ಯಾವ ಚಾಳಿನ ಯಾವ ಕಾಕಾನಿಗೂ ಅದು ಸಾಧ್ಯ. 1098ಕ್ಕೆ ಕರೆ ಮಾಡಲು ಕೂಡ ಅಷ್ಟೇ ಧೈರ್ಯ ಸಾಕು.

ಇದೇ ಕಥೆ 2016ರ ಮಾರ್ಚಿನಲ್ಲಿ ಹಿಂದಿಯಲ್ಲಿ ‘ರಾಕಿ ಹ್ಯಾಂಡ್ಸಮ್’ ಆಗಿ ಬಂದಿತು. ನಿರ್ದೇಶಕರು ಮರಾಠಿಯಲ್ಲಿ ‘ಡೊಂಬಿವಲಿ ಫಾಸ್ಟ್’ ಮಾಡಿದ್ದ ನಿಶಿಕಾಂತ ಕಾಮತ. ಆ ಮರಾಠಿ ಚಿತ್ರದಲ್ಲಿ ಕಾನೂನನ್ನು ಕೈಗೆತ್ತಿಕೊಂಡ ಸಾಮಾನ್ಯ ಗುಮಾಸ್ತ ಅದಕ್ಕೆ ಪ್ರಾಣದ ಬೆಲೆ ತೆರುತ್ತಾನೆ. ಹಿಂದಿ ಅವತರಣಿಕೆಯಲ್ಲಿ ಜಾನ್ ಅಬ್ರಹಾಂ ಅವರ ತೋಳುಗಳಿವೆ, ಮೂಲದ ಮೌನ ಇಲ್ಲ. ಮರುತಿಂಗಳೇ ತೆರೆಕಂಡ, ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನಲ್ಲಿ ಚಿತ್ರೀಕರಣಗೊಂಡ ನಾಗರಾಜ ಮಂಜುಳೆಯವರ ‘ಸೈರಾಟ್’ ಕೊಲೆಯ ಏಟನ್ನು ತೋರಿಸದೆ, ಮಗುವಿನ ರಕ್ತಸಿಕ್ತ ಹೆಜ್ಜೆಗಳನ್ನಷ್ಟೇ ಉಳಿಸಿ ಮುಗಿಯಿತು. ಹಿಂಸೆ ಎಷ್ಟು ತೋರಿದರೆ ಸಾಕೆಂಬುದು ಮಂಜುಳೆಯವರಿಗೆ ಲೀ ಅವರಿಗಿಂತ ಚೆನ್ನಾಗಿ ತಿಳಿದಿದೆ.

ಆದರೂ ಹದಿನೆಂಟು ದಾಟಿದವರು ಕೊರಿಯಾದ ಮೂಲವನ್ನೇ ನೋಡಬೇಕು, ಕಡೆಯ ದೃಶ್ಯದವರೆಗೂ. ಅಲ್ಲಿ ಬಂಧಿತನಾದ ನಾಯಕ ಪೊಲೀಸರ ಅನುಮತಿ ಪಡೆದು, ಸಣ್ಣದೊಂದು ಅಂಗಡಿಯಲ್ಲಿ ಸೋ-ಮಿಗೆ ಶಾಲೆಯ ಸಾಮಾನು ಕೊಡಿಸುತ್ತಾನೆ. ಅದರಲ್ಲಿ ಒಂದು ಪಾಟಿಚೀಲವೂ ಇದೆ.