ಬಿ.ಇ. ಸೀಟು ಸಿಕ್ಕರೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕಾ?

‘ಬಿ.ಇ. ಸೇರುವ ಮಕ್ಕಳಿಗೆ ಕನಿಷ್ಠ ಐ7, 16 ಜಿಬಿ ರ‍್ಯಾಮ್, 6 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಕೊಡಿಸಿ. ಅದಕ್ಕಿಂತ ಕಡಿಮೆಯದ್ದು ಕೊಂಡರೆ ಎರಡೇ ವರ್ಷಕ್ಕೆ ಮೂಲೆಗೆ ಬೀಳುತ್ತೆ. ಎಲ್ಲ ಪೋಷಕರಿಗೂ ತಲುಪಿಸಿ.’ ಸಿಇಟಿ ಸೀಟು ಹಂಚಿಕೆ ಶುರುವಾಗುವ ಹೊತ್ತಿಗೆ ಹೆಚ್ಚುಕಡಿಮೆ ಇದೇ ಅರ್ಥದ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಬರೆದವರು ಯಾರು, ಯಾವ ವರ್ಷ ಬರೆದರು, ಯಾವ ಕೋರ್ಸಿಗೆ ಹೇಳಿದರು ಎಂಬ ಮೂರು ಸಂಗತಿಗಳು ಮಾತ್ರ ಅಲ್ಲಿರುವುದಿಲ್ಲ.

ಸಂದೇಶ ಪೂರ್ತಿ ಸುಳ್ಳು ಅಂತಲ್ಲ. 16 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದೇ. ಆದರೆ ಅದನ್ನು ನಂಬಿ ಅಂಗಡಿಗೆ ಹೋದ ಮನೆಯವರು ಸುಮಾರು 45 ಸಾವಿರದ ಜಾಗದಲ್ಲಿ 1 ಲಕ್ಷದ 20 ಸಾವಿರ ಕೊಟ್ಟು ಬರುತ್ತಾರೆ. ವ್ಯತ್ಯಾಸ 75 ಸಾವಿರ. ಪಾಪಿನಾಯಕನಹಳ್ಳಿಯಂಥ ಊರಿನಲ್ಲಿ, ಲಾರಿ ಡ್ಯೂಟಿಯ ಸಂಬಳದಲ್ಲೋ ಒಂದೆರಡು ಎಕರೆಯ ಬೆಳೆಯಲ್ಲೋ ನಡೆಯುವ ಮನೆಗೆ, ಇದು ಕೊರಳಿನ ಚಿನ್ನ ಸೊಸೈಟಿಯಲ್ಲಿ ಅಡ ಇಡುವ ಮೊತ್ತ. ಹಾಗಾಗಿ ಆ 75 ಸಾವಿರ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ತಪ್ಪಲ್ಲ.

ಅದರ ದೊಡ್ಡ ಪಾಲು ಹೋಗುವುದು ಗ್ರಾಫಿಕ್ಸ್ ಚಿಪ್‌ಗೆ, ಅಂದರೆ ಜಿಪಿಯುಗೆ. ಉಳಿದದ್ದು ಆ ಚಿಪ್ಪನ್ನು ತಣ್ಣಗಿಡುವ ಫ್ಯಾನು ಮತ್ತು ತಾಮ್ರದ ಕೊಳವೆಗಳು, ಅದಕ್ಕೆ ಕರೆಂಟ್ ಕೊಡುವ ಇಟ್ಟಿಗೆಯಂಥ ಅಡಾಪ್ಟರ್, ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆ. ಸಾಮಾನ್ಯ ಪರದೆ 60 ಸಲ ಬದಲಿಸುತ್ತದೆ. ಆಟ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ವರ್ಡ್ ಫೈಲ್ ತೆರೆದವರಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಸಿಪಿಯು, ಜಿಪಿಯು ಎರಡರ ಕೆಲಸ ಬೇರೆ ಬೇರೆ. ಕಂಪ್ಲಿ ಕಡೆ ನಾಟಿ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬದು ಕಟ್ಟುವುದು, ನೀರು ಯಾವ ಮಡಿಗೆ ಬಿಡಬೇಕು ಎಂದು ನಿರ್ಧರಿಸುವುದು, ಮೋಟರ್ ಕೆಟ್ಟರೆ ಏನು ಮಾಡಬೇಕು ಎಂದು ಯೋಚಿಸುವುದು, ಇದನ್ನೆಲ್ಲ ಅನುಭವ ಇರುವ ಒಬ್ಬಿಬ್ಬರೇ ಮಾಡುತ್ತಾರೆ. ಅದು ಸಿಪಿಯು. ಸಸಿ ನೆಡುವುದಕ್ಕೆ ಮಾತ್ರ ಸಾಲಾಗಿ ನಲವತ್ತು ಜನ ಬೇಕು. ಎಲ್ಲರದ್ದೂ ಒಂದೇ ಕೆಲಸ, ಒಟ್ಟಿಗೇ. ಅದು ಜಿಪಿಯು. ಆರ್‌ಟಿಎಕ್ಸ್ 4060 ಎಂಬ ಲ್ಯಾಪ್‌ಟಾಪ್ ಜಿಪಿಯುವಿನಲ್ಲಿ ಇಂಥ 3072 ಪುಟ್ಟ ಕೋರ್‌ಗಳಿವೆ. ಪರದೆಯ ಲಕ್ಷಾಂತರ ಚುಕ್ಕೆಗಳ ಬಣ್ಣವನ್ನು ಒಂದೇ ಹೊತ್ತಿಗೆ ಲೆಕ್ಕ ಹಾಕಲು ಇದು ಹೇಳಿ ಮಾಡಿಸಿದ ಏರ್ಪಾಡು. ಆದರೆ ಪೈಥಾನ್‌ನಲ್ಲಿ ಲ್ಯಾಬ್ ಪ್ರೋಗ್ರಾಂ ಬರೆಯುವಾಗ, ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದಾಗ, ಎಕ್ಸೆಲ್ ತುಂಬುವಾಗ ನಾಟಿಯ ಕೆಲಸವೇ ಇರುವುದಿಲ್ಲ. ಆಳುಗಳು ಬದುವಿನ ಮೇಲೆ ಸುಮ್ಮನೆ ಕೂತಿರುತ್ತಾರೆ, ಕೂಲಿ ಮಾತ್ರ ಮೊದಲೇ ಕೊಟ್ಟಾಗಿರುತ್ತದೆ.

ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಚಿತ್ರ ಹೇಗೆ ಮೂಡುತ್ತದೆ? ಇಂಟೆಲ್, ಎಎಮ್‌ಡಿ ಕಂಪನಿಗಳ ಬಹುತೇಕ ಲ್ಯಾಪ್‌ಟಾಪ್ ಚಿಪ್‌ಗಳ ಒಳಗೇ ಒಂದು ಚಿಕ್ಕ ಜಿಪಿಯು ಇರುತ್ತದೆ. ಯೂಟ್ಯೂಬ್, ಆನ್‌ಲೈನ್ ಕ್ಲಾಸು, ಪಿಪಿಟಿ, ಚಿಕ್ಕಪುಟ್ಟ ವಿಡಿಯೊ ಕತ್ತರಿಸಿ ಜೋಡಿಸುವುದು, ಎರಡು ಆಯಾಮದ ಆಟೊಕ್ಯಾಡ್ ಡ್ರಾಯಿಂಗ್ ಇವಕ್ಕೆಲ್ಲ ಅದು ಸಾಲುತ್ತದೆ.

ಇನ್ನು ಹೊಸಪೇಟೆಯ ಪ್ರೌಢದೇವರಾಯ ಕಾಲೇಜಿಗೋ ಬಳ್ಳಾರಿಯ ಕಾಲೇಜುಗಳಿಗೋ ಬಸ್ಸಿನಲ್ಲಿ ಹೋಗಿಬರುವ ವಿಟಿಯು ವಿದ್ಯಾರ್ಥಿಯ ಲೆಕ್ಕ ನೋಡೋಣ. ಮೊದಲ ವರ್ಷ ಸಿ ಅಥವಾ ಪೈಥಾನ್, ಎಂಜಿನಿಯರಿಂಗ್ ಡ್ರಾಯಿಂಗ್, ಲ್ಯಾಬ್ ರೆಕಾರ್ಡ್. ಇದ್ಯಾವುದಕ್ಕೂ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಕೃತಕ ಬುದ್ಧಿಮತ್ತೆ ವಿಭಾಗ ಸೇರಿದವರಿಗೆ ಮುಂದೆ ಜಿಪಿಯು ಬೇಕಾಗುವುದು ನಿಜ. ಆದರೆ ಕಲಿಯುವ ಹಂತಕ್ಕೆ ಗೂಗಲ್ ಕೊಲ್ಯಾಬ್ ಬ್ರೌಸರ್‌ನಲ್ಲೇ, ಮಿತಿಯೊಳಗೆ, ಉಚಿತವಾಗಿ ಜಿಪಿಯು ಕೊಡುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವವರು, ಪಿಎಚ್.ಡಿ. ಮಾಡುವವರು ನುಡಿಯಲ್ಲಿ ಟೈಪ್ ಮಾಡಿ ಪಿಡಿಎಫ್ ಓದುವವರು. ಅವರಿಗಂತೂ ಹಗುರವಾದ, ಬ್ಯಾಟರಿ ಹೆಚ್ಚು ಬರುವ ಲ್ಯಾಪ್‌ಟಾಪೇ ಲಾಭ.

ಯಾರಿಗೆ ನಿಜಕ್ಕೂ ಬೇಕು? ಬ್ಲೆಂಡರ್‌ನಲ್ಲಿ ಮೂರು ಆಯಾಮದ ಚಿತ್ರ ಮಾಡುವವರಿಗೆ. ಮದುವೆ ವಿಡಿಯೊಗಳನ್ನು 4ಕೆಯಲ್ಲಿ ದಿನಾ ಎಡಿಟ್ ಮಾಡಿ ಹೊಟ್ಟೆ ಹೊರೆಯುವವರಿಗೆ. ಸಂಡೂರು ಕಡೆಯ ಗಣಿಗಳಲ್ಲಿ ಸಮೀಕ್ಷೆ ಮಾಡುವವರಿಗೂ ಬೇಕು: 2021ರಲ್ಲಿ ಗಣಿ ನಿಯಮಗಳಿಗೆ ತಿದ್ದುಪಡಿ ಬಂದ ಮೇಲೆ ದೊಡ್ಡ ಗಣಿಗಳು ಡ್ರೋನ್ ಸಮೀಕ್ಷೆ ಮಾಡಿಸಲೇಬೇಕು. ಡ್ರೋನ್ ತೆಗೆದ ನೂರಾರು ಫೋಟೊಗಳನ್ನು ಹೊಲಿದು ಗುಡ್ಡದ ಮಾದರಿ ಕಟ್ಟುವ ತಂತ್ರಾಂಶಕ್ಕೆ ಒಳ್ಳೆಯ ಜಿಪಿಯು ಇದ್ದರೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ. ಆಟ ಆಡಲು ಬೇಕು ಅನ್ನುವುದೂ ಸರಿಯಾದ ಕಾರಣವೇ. ಅದನ್ನು ‘ಓದಿಗೆ ಬೇಕು’ ಎಂಬ ಹೆಸರಿನಲ್ಲಿ ಮನೆಯವರ ಮುಂದೆ ಇಡುವುದಷ್ಟೇ ನನಗೆ ಸರಿ ಕಾಣುವುದಿಲ್ಲ.

ದೂಳು, ಬಿಸಿಲು, ಕರೆಂಟು

ಪಾಪಿನಾಯಕನಹಳ್ಳಿ ಇರುವುದು ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ. ಅದಿರಿನ ಲಾರಿಗಳು ಓಡಾಡುವ ಈ ಸೀಮೆಯಲ್ಲಿ ಕೆಂಪು ದೂಳು ಮನೆಯ ಟಿವಿ ಮೇಲೂ ಕೂತಿರುತ್ತದೆ. ‘ಅದಿರಿನ ದೂಳು ಕಬ್ಬಿಣ, ಒಳಗೆ ಹೋದರೆ ಶಾರ್ಟ್ ಆಗಿ ಲ್ಯಾಪ್‌ಟಾಪ್ ಸುಟ್ಟು ಹೋಗುತ್ತೆ’ ಎಂಬ ಮಾತು ಕೇಳಿದ್ದೇನೆ. ಇಲ್ಲಿನ ಅದಿರು ಬಹುಪಾಲು ಹೆಮಟೈಟ್. ಅದು ಕಬ್ಬಿಣದ ಆಕ್ಸೈಡ್, ಲೋಹದ ಪುಡಿಯಲ್ಲ. ಕರೆಂಟನ್ನು ಅಷ್ಟು ಸುಲಭವಾಗಿ ಹರಿಸುವುದೂ ಇಲ್ಲ, ಆಯಸ್ಕಾಂತಕ್ಕೆ ಜೋರಾಗಿ ಅಂಟುವುದೂ ಇಲ್ಲ. ನಿಜವಾದ ತೊಂದರೆ ಬೇರೆ ಇದೆ. ಫ್ಯಾನಿನ ಮುಂದೆ ಬಾಚಣಿಗೆಯ ಹಲ್ಲಿನಂತೆ ತೆಳ್ಳನೆಯ ತಗಡುಗಳಿರುತ್ತವೆ. ದೂಳು, ಕೂದಲು, ಬಟ್ಟೆಯ ಎಳೆ ಸೇರಿ ಅಲ್ಲಿ ಕಂಬಳಿಯಂತೆ ಕೂರುತ್ತದೆ. ಗಾಳಿ ಹೊರಗೆ ಹೋಗುವುದಿಲ್ಲ, ಬಿಸಿ ಒಳಗೇ ಉಳಿಯುತ್ತದೆ.

ಲ್ಯಾಪ್‌ಟಾಪ್ ತಿನ್ನುವ ಕರೆಂಟೆಲ್ಲ ಕೊನೆಗೆ ಶಾಖವಾಗುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಕೆಲಸ ಮಾಡುವಾಗ ಎಳೆಯುವುದು 20ರಿಂದ 30 ವ್ಯಾಟ್. ಗೇಮಿಂಗ್ ಲ್ಯಾಪ್‌ಟಾಪ್ ಪೂರ್ತಿ ದುಡಿಯುವಾಗ 150ರಿಂದ 200 ವ್ಯಾಟ್, ಒಂದು ದೊಡ್ಡ ಪುಸ್ತಕದಷ್ಟು ಜಾಗದಲ್ಲಿ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಅದು ಊದುವುದು ಕೋಣೆಯ ಗಾಳಿಯನ್ನೇ. ಕೋಣೆ 25 ಡಿಗ್ರಿ ಇದ್ದಾಗ ಸಿಗುವ ತಂಪು, ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ತಗಡಿನ ಶೀಟಿನ ಮನೆಯೊಳಗೆ ಸಿಗುವುದಿಲ್ಲ. ಚಿಪ್‌ನ ಬಿಸಿ 95–100 ಡಿಗ್ರಿ ಮುಟ್ಟಿದರೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಅಂದರೆ ಹೆಚ್ಚು ಹಣ ಕೊಟ್ಟು ತಂದ ವೇಗ ಬೇಸಿಗೆಯ ಮಧ್ಯಾಹ್ನ ಅರ್ಧಂಬರ್ಧ ಮಾತ್ರ ಕೈಗೆ ಸಿಗುತ್ತದೆ. ಇಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಇಟ್ಟುಕೊಂಡವರು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ದೂಳು ತೆಗೆಸಬೇಕು, ಮಂಚದ ಹಾಸಿಗೆಯ ಮೇಲಿಟ್ಟು ಓಡಿಸಬಾರದು.

ಕರೆಂಟ್ ಬಿಲ್ಲಿನ ಲೆಕ್ಕವನ್ನೂ ಹಾಕಬಹುದು. ದಿನಕ್ಕೆ ನಾಲ್ಕು ಗಂಟೆ 200 ವ್ಯಾಟ್ ಎಂದರೆ ತಿಂಗಳಿಗೆ 24 ಯೂನಿಟ್. ಅಷ್ಟೇ ಹೊತ್ತು 25 ವ್ಯಾಟ್ ಎಂದರೆ 3 ಯೂನಿಟ್. ಗೃಹಜ್ಯೋತಿ ಇದೆಯಲ್ಲ ಅನ್ನಬಹುದು. ಅಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಹಾಕಿರುತ್ತಾರೆ. ಅದನ್ನು ದಾಟಿದ ಯೂನಿಟ್‌ಗೆ ಜೆಸ್ಕಾಂಗೆ ದುಡ್ಡು ಕಟ್ಟಬೇಕು.

ಕರೆಂಟ್ ಹೋದಾಗಂತೂ ವ್ಯತ್ಯಾಸ ಇನ್ನೂ ಸ್ಪಷ್ಟ. ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಹಾಗಾಗಿ ಲಕ್ಷಗಟ್ಟಲೆ ಬೆಲೆಯ ಲ್ಯಾಪ್‌ಟಾಪಿನಲ್ಲೂ ಬ್ಯಾಟರಿ ಸಾಮಾನ್ಯವಾಗಿ ಅದನ್ನು ಮೀರುವುದಿಲ್ಲ. 100 ವ್ಯಾಟ್ ಎಳೆದರೂ ಒಂದು ಗಂಟೆಗೆ ಖಾಲಿ. ಇದೇ ಕಾರಣಕ್ಕೆ ಪ್ಲಗ್ ತೆಗೆದ ಕೂಡಲೇ ಗೇಮಿಂಗ್ ಲ್ಯಾಪ್‌ಟಾಪ್ ತನ್ನ ಗ್ರಾಫಿಕ್ಸ್ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಸಾಕೆಟ್ ಇಲ್ಲದ ಕ್ಲಾಸ್‌ರೂಮಿನಲ್ಲಿ ಅದು ಭಾರವಾದ ಸಾಮಾನ್ಯ ಲ್ಯಾಪ್‌ಟಾಪ್ ಅಷ್ಟೇ.

ಹೆಸರು ನೋಡಿ ಮೋಸ ಹೋಗುವುದು

ಅಂಗಡಿಯ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ‘ಹುಡುಗ ಏನ್ ಓದ್ತಾನ್ರೀ?’ ‘ಬಿ.ಇ. ಸೇರ‍್ಯಾನ್ರೀ.’ ‘ಹಂಗಾದ್ರ ಐ7ನ ತಗೋರಿ, ಗ್ರಾಫಿಕ್ಸ್ ಇರೋದು.’ ಯಾವ ಐ7 ಎಂದು ಯಾರೂ ಕೇಳುವುದಿಲ್ಲ. 2016ರಲ್ಲಿ ಬಂದ ಐ7-7500ಯು ಚಿಪ್‌ನಲ್ಲಿ ಇದ್ದದ್ದು 2 ಕೋರ್. ಆಮೇಲೆ ಬಂದ ಐ3-1215ಯುನಲ್ಲಿ 6 ಕೋರ್. ‘ಐ3’ ಎಂದು ಮೂಗು ಮುರಿಯುವ ಚಿಪ್ಪು ಹಳೆಯ ‘ಐ7’ ಅನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಓಡುವುದು, ಒಂದೆರಡನ್ನು ಬಿಟ್ಟರೆ, ಇಂಟೆಲ್‌ನ 8ನೇ ತಲೆಮಾರು ಮತ್ತು ಅದರ ನಂತರದ ಚಿಪ್‌ಗಳಲ್ಲಿ. 6ನೇ, 7ನೇ ತಲೆಮಾರಿನ ಐ7 ಅಗ್ಗಕ್ಕೆ ಸಿಗುತ್ತಿದ್ದರೆ ಅದಕ್ಕೆ ಇದೂ ಒಂದು ಕಾರಣ.

ಗ್ರಾಫಿಕ್ಸ್ ಕಾರ್ಡಿನ ಹೆಸರೂ ಹಾಗೇ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಅನ್ನು ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಹೊಂದಿಸಬಹುದು. ಒಂದೇ ಸ್ಟಿಕ್ಕರ್, ಒಳಗೆ ಬೇರೆ ಬೇರೆ ವೇಗ. ಡೆಸ್ಕ್‌ಟಾಪ್ ಆರ್‌ಟಿಎಕ್ಸ್ 4090ರಲ್ಲಿ 16,384 ಕೋರ್ ಇದ್ದರೆ, ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ನಲ್ಲಿ 9,728. ಪ್ರೀಮಿಯಂ ಕೊಳ್ಳುವವರೂ ವ್ಯಾಟ್ ಎಷ್ಟು ಎಂದು ಕೇಳಿ ಕೊಳ್ಳಬೇಕು.

ಇಷ್ಟೆಲ್ಲ ಓದಿ ‘ಹಾಗಾದರೆ ಅತಿ ಅಗ್ಗದ್ದೇ ಸಾಕು’ ಅಂದುಕೊಂಡರೆ ಅದೂ ನಷ್ಟವೇ. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸಂಗ್ರಹ ಇರುವ ಲ್ಯಾಪ್‌ಟಾಪ್‌ಗಳು ಇವೆ. ವಿಂಡೋಸ್ 11ಕ್ಕೆ ಮೈಕ್ರೊಸಾಫ್ಟ್ ಹೇಳುವ ಕನಿಷ್ಠ ಮಟ್ಟವೇ ಅದು. ಅಂದರೆ ಕೊಂಡ ದಿನವೇ ಆ ಯಂತ್ರದ ಉಸಿರು ಕಟ್ಟಿರುತ್ತದೆ, ಮುಂದೆ ಬೆಳೆಸಲು ಜಾಗವೂ ಇರುವುದಿಲ್ಲ. ಇಎಂಎಂಸಿ ಬೋರ್ಡಿಗೇ ಬೆಸೆದಿರುವುದರಿಂದ ಅದನ್ನು ಬದಲಿಸಲೂ ಆಗದು. ನಿಜವಾಗಿ ನಾಲ್ಕು ವರ್ಷ ದಾಟಿಸುವುದು ಇತ್ತೀಚಿನ ತಲೆಮಾರಿನ ಸಾಧಾರಣ ಚಿಪ್ಪು, 8 ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು ಖಾಲಿ ಸ್ಲಾಟ್ (ಇಲ್ಲವೇ 16 ಜಿಬಿ), 512 ಜಿಬಿ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು-ನೂರೈವತ್ತು ಎಂಬಿ ಓದಿದರೆ ಈಗಿನ ಎನ್‌ವಿಎಂಇ ಎಸ್‌ಎಸ್‌ಡಿ ಸಾವಿರಗಟ್ಟಲೆ ಎಂಬಿ ಓದುತ್ತದೆ. ‘ಲ್ಯಾಪ್‌ಟಾಪ್ ಸ್ಲೋ’ ಎಂಬ ದೂರಿಗೆ ಬಹಳ ಸಲ ಮದ್ದು ಇಲ್ಲಿರುತ್ತದೆಯೇ ಹೊರತು ಗ್ರಾಫಿಕ್ಸ್ ಕಾರ್ಡಿನಲ್ಲಲ್ಲ.

‘ನೋ ಕಾಸ್ಟ್ ಇಎಂಐ ಇದೆಯಲ್ಲ’ ಎಂಬ ಸಮಾಧಾನವೂ ಇರುತ್ತದೆ. ಬಡ್ಡಿಯೇ ಇಲ್ಲದ ಸಾಲ ಎಂಬುದು ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿ ಬೆಲೆಯಲ್ಲೋ ಪ್ರೊಸೆಸಿಂಗ್ ಶುಲ್ಕದಲ್ಲೋ ಬಿಟ್ಟುಕೊಟ್ಟ ರಿಯಾಯಿತಿಯಲ್ಲೋ ಅಡಗಿರುತ್ತದೆ. ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಎಷ್ಟು ಎಂದು ಕೇಳಿದರೆ ಅದು ಹೊರಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿದಾಗ ‘ಲ್ಯಾಪ್‌ಟಾಪೂ ಅಗ್ಗ’ ಎಂದು ನಂಬಿದವರಿಗೆ: ಲ್ಯಾಪ್‌ಟಾಪ್ ಮೇಲಿನ ತೆರಿಗೆ ಮೊದಲೂ ಶೇ 18 ಇತ್ತು, ಆಮೇಲೂ ಶೇ 18. ಇನ್ನು ಆಧಾರ್ ಸಂಖ್ಯೆ ಹಾಕಿದರೆ ಪ್ರಧಾನಮಂತ್ರಿ ಹೆಸರಿನಲ್ಲಿ ಉಚಿತ ಲ್ಯಾಪ್‌ಟಾಪ್ ಎನ್ನುವ ಲಿಂಕುಗಳು. ಅವು ಸುಳ್ಳು ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಹಲವು ಸಲ ಹೇಳಿದೆ.

ಅಂಗಡಿಯಲ್ಲಿ ಯಂತ್ರವನ್ನು ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಎಂಬಲ್ಲಿ ಚಿಪ್‌ನ ಪೂರ್ತಿ ಹೆಸರು ಇರುತ್ತದೆ. ಕೊನೆಯಲ್ಲಿ ‘ಯು’ ಇದ್ದರೆ ಕಡಿಮೆ ಕರೆಂಟ್ ತಿನ್ನುವುದು, ‘ಎಚ್’ ಇದ್ದರೆ ಹೆಚ್ಚು ಬಿಸಿಯಾಗುವ ವೇಗದ ಚಿಪ್ಪು. ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಾಗಿದೆ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಡಿಸ್ಕ್ ಒತ್ತಿದರೆ ಎಸ್‌ಎಸ್‌ಡಿ ಹೌದೋ ಅಲ್ಲವೋ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ಬೇಡ ಅನ್ನುವ ಅಂಗಡಿಯವರಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು, ಅದೇ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಯಾವತ್ತಿನವರೆಗೆ ಇದೆ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.